ರೇಖೆಯಿಂದ ರಂಗಕ್ಕೆ: ‘ವನ್ ಪೀಸ್’ ಕಬುಕಿಯ ಒಂದು ವಿವೇಚನೆ

ಜನಪ್ರಿಯವಾದ ಕಥೆಯೊಂದನ್ನು ಒಂದು ಕಲಾಪ್ರಕಾರದಿಂದ ಇನ್ನೊಂದಕ್ಕೆ ಅಳವಡಿಸಿದಾಗ ವಿಮರ್ಶಕರು ಮೊದಲು ಕೇಳುವ ಪ್ರಶ್ನೆ, ಅದು ಮೂಲಕ್ಕೆ ಎಷ್ಟರಮಟ್ಟಿಗೆ ನಿಷ್ಠವಾಗಿದೆ ಎಂಬುದು. ಕಾದಂಬರಿಯನ್ನು ನಾಟಕವಾಗಿ ಮಾಡಿದ ಸಂದರ್ಭದಲ್ಲಿ ಈ ಪ್ರಶ್ನೆಗೆ ಅರ್ಥವುಂಟು. ಆದರೆ ಅದ್ಭುತಕಥೆಯ ಅನಿಮೇಷನ್ ಸರಣಿಯೊಂದನ್ನು ರಂಗಭೂಮಿಗೆ ತಂದಾಗ ಈ ಅಳತೆಗೋಲು ಸಾಲದು. ರೇಖೆಯಲ್ಲಿ ಬರೆದ ವೀರನಿಗೆ ತೂಕವಿಲ್ಲ, ಆಯಾಸವಿಲ್ಲ. ಅವನ ತೋಳು ಹತ್ತು ಮಾರು ಚಾಚಿಕೊಂಡರೂ ನೋಡುವವರಿಗೆ ಅಸಂಭಾವ್ಯವೆನಿಸದು. ರಂಗದ ಮೇಲೆ ನಿಂತ ನಟನಿಗಾದರೋ ಮೈಯುಂಟು, ಉಸಿರುಂಟು, ನೆಲದ ಸೆಳೆತವುಂಟು. ಇವೆರಡರ ನಡುವಣ ಅಂತರವನ್ನು ಮುಚ್ಚಿಡಬೇಕೋ, ಇಲ್ಲವೆ ಬಹಿರಂಗವಾಗಿ ಒಪ್ಪಿಕೊಂಡು ಬಳಸಿಕೊಳ್ಳಬೇಕೋ? ಈ ಪ್ರಶ್ನೆಯನ್ನು ಜಪಾನಿನ ಒಂದು ಪ್ರಯೋಗದ ಆಧಾರದಿಂದ ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಓಡ ಐಇಚಿರೊ ಅವರ ‘ವನ್ ಪೀಸ್’ ೧೯೯೭ರಲ್ಲಿ ವಾರಪತ್ರಿಕೆಯೊಂದರಲ್ಲಿ ಮಾಂಗಾ, ಅಂದರೆ ಚಿತ್ರಕಥೆಯಾಗಿ ಪ್ರಾರಂಭವಾಯಿತು. ೧೯೯೯ರ ಅಕ್ಟೋಬರಿನಿಂದ ಅದರ ಅನಿಮೇಷನ್ ಸರಣಿ ದೂರದರ್ಶನದಲ್ಲಿ ಪ್ರಸಾರಗೊಳ್ಳತೊಡಗಿತು. ಅದರ ಕಂತುಗಳ ಸಂಖ್ಯೆ ಇಂದಿಗೆ ೧,೧೦೦ನ್ನು ಮೀರಿದೆ. ಮಾಯಾಫಲವೊಂದನ್ನು ತಿಂದು ರಬ್ಬರಿನಂಥ ಶರೀರವನ್ನು ಪಡೆದ ಲುಫಿ ಎಂಬ ತರುಣನು ಕಡಲ್ಗಳ್ಳರ ಒಡೆಯನಾಗಬೇಕೆಂಬ ಹಂಬಲದಿಂದ ಸಂಗಡಿಗರೊಡನೆ ಸಮುದ್ರಯಾನ ಮಾಡುವುದು ಅದರ ವಸ್ತು. ಇದನ್ನು ಕಬುಕಿ ನಟ ನಾಲ್ಕನೆಯ ಇಚಿಕಾವ ಎನ್ನೊಸುಕೆ ಅವರು ೨೦೧೫ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಟೋಕಿಯೊ ನಗರದ ಶಿಂಬಾಶಿ ಎಂಬುಜೊ ರಂಗಮಂದಿರದಲ್ಲಿ ಪ್ರದರ್ಶಿಸಿದರು. ನಾಟಕವನ್ನು ರಚಿಸಿದವರು ಯೊಕೊಉಚಿ ಕೆನ್ಸುಕೆ. ಅದರ ಚಲಚಿತ್ರರೂಪ ೨೦೧೬ರಲ್ಲಿ ತೆರೆಕಂಡಿತು.

ಚಿತ್ರಕಥೆಯನ್ನು ರಂಗಕ್ಕೆ ತರುವ ಪ್ರಯತ್ನ ಜಪಾನಿನಲ್ಲಿ ಇದು ಮೊದಲನೆಯದಲ್ಲ. ಇಕೆದ ರಿಯೊಕೊ ಅವರ ‘ವರ್ಸೇಲ್ಸಿನ ಗುಲಾಬಿ’ ಎಂಬ ಚಿತ್ರಕಥೆಯನ್ನು ಸ್ತ್ರೀಯರೇ ಎಲ್ಲ ಪಾತ್ರಗಳನ್ನೂ ವಹಿಸುವ ತಕರಜುಕ ಮಂಡಳಿಯು ೧೯೭೪ರಲ್ಲಿಯೇ ಗೀತನಾಟಕವಾಗಿ ಆಡಿತ್ತು. ‘ಸೈಲರ್ ಮೂನ್’ ಅನಿಮೇಷನ್ ಸರಣಿ ೧೯೯೨ರಲ್ಲಿ ಪ್ರಾರಂಭವಾಗಿ, ಮರುವರ್ಷವೇ ಅದರ ಗೀತನಾಟಕವೂ ರಂಗವನ್ನೇರಿತು. ಇಂಥ ನಾಟಕಗಳನ್ನು ಜಪಾನೀಯರು ‘ಎರಡೂವರೆ ಆಯಾಮದ’ ನಾಟಕಗಳೆಂದು ಕರೆಯುತ್ತಾರೆ. ಚಪ್ಪಟೆಯಾದ ಚಿತ್ರದ ಎರಡು ಆಯಾಮಗಳಿಗೂ ಮನುಷ್ಯಲೋಕದ ಮೂರು ಆಯಾಮಗಳಿಗೂ ನಡುವೆ ನಿಂತವು ಎಂಬುದು ಇದರ ಭಾವ. ಇವುಗಳಲ್ಲಿ ಸಾಮಾನ್ಯವಾಗಿ ಪ್ರಧಾನವಾಗುವ ಗುಣ ಸಾದೃಶ್ಯ. ಕೂದಲಿನ ಬಣ್ಣ, ಉಡುಪಿನ ಅಂಚು, ನಿಲ್ಲುವ ಭಂಗಿ ಎಲ್ಲವೂ ಚಿತ್ರದಲ್ಲಿ ಇದ್ದಂತೆಯೇ ಇರಬೇಕೆಂದು ಪ್ರೇಕ್ಷಕನು ನಿರೀಕ್ಷಿಸುತ್ತಾನೆ. ಈ ಮಾರ್ಗವನ್ನು ನಾವು ಹಳಿಯುವುದಿಲ್ಲ. ಆದರೆ ಸಾದೃಶ್ಯವೇ ಗುರಿಯಾದಾಗ ನಟನು ಚಿತ್ರದ ಪ್ರತಿಕೃತಿಯಾಗಿ ಉಳಿಯುವ ಅಪಾಯವುಂಟು. ರೇಖೆಯ ಜೊತೆಗಿನ ಸ್ಪರ್ಧೆಯಲ್ಲಿ ಮನುಷ್ಯನ ಮೈ ಎಂದಿಗೂ ಗೆಲ್ಲಲಾರದು.

ಕಬುಕಿಯ ಮಾರ್ಗ ಬೇರೆ. ಅದನ್ನು ತಿಳಿಯಲು ಆ ರಂಗಭೂಮಿಯ ಇತಿಹಾಸವನ್ನು ಸ್ವಲ್ಪ ನೋಡಬೇಕು. ಹಳೆಯ ಕಬುಕಿ ನಾಟಕಕಾರರು ತಮ್ಮ ಕೃತಿಯನ್ನು ಎರಡು ಅಂಗಗಳಲ್ಲಿ ಯೋಚಿಸುತ್ತಿದ್ದರು. ಒಂದು ‘ಸೆಕಾಯ್’, ಎಂದರೆ ಪ್ರೇಕ್ಷಕರಿಗೆ ಮೊದಲೇ ಪರಿಚಿತವಾದ ಕಥಾಪ್ರಪಂಚ. ಇನ್ನೊಂದು ‘ಶುಕೋ’, ಆ ಪ್ರಪಂಚದಲ್ಲಿ ನಾಟಕಕಾರನು ಹೊಸದಾಗಿ ಹೂಡುವ ಯುಕ್ತಿ. ೧೭೦೧ರಿಂದ ೧೭೦೩ರವರೆಗೆ ನಡೆದ ನಲವತ್ತೇಳು ಸೇವಕರ ಸೇಡಿನ ಪ್ರಕರಣವು ‘ಕನದೆಹೊನ್ ಚೂಶಿಂಗುರ’ ಎಂಬ ನಾಟಕವಾದುದು ಹೀಗೆ. ಸಮಕಾಲೀನ ಸಮುರಾಯಿಗಳ ವಿಷಯವನ್ನು ರಂಗದ ಮೇಲೆ ತರಲು ಆಳರಸರ ನಿಷೇಧವಿದ್ದುದರಿಂದ, ನಾಟಕಕಾರರು ಕಥೆಯನ್ನು ಹದಿನಾಲ್ಕನೆಯ ಶತಮಾನದ ‘ತೈಹೈಕಿ’ಯ ಪ್ರಪಂಚಕ್ಕೆ ಸಾಗಿಸಿ ಹೆಸರುಗಳನ್ನು ಬದಲಾಯಿಸಿದರು. ಅದು ೧೭೪೮ರಲ್ಲಿ ಓಸಾಕ ನಗರದಲ್ಲಿ ಮೊದಲು ಗೊಂಬೆಯಾಟವಾಗಿ ಪ್ರದರ್ಶಿತವಾಯಿತು. ಕಬುಕಿ ನಟರು ಅದನ್ನು ತಡಮಾಡದೆ ತಮ್ಮದಾಗಿಸಿಕೊಂಡರು. ನಿರ್ಜೀವವಾದ ಆಕೃತಿಗಳಿಗಾಗಿ ರಚಿತವಾದ ಕಥೆಯನ್ನು ಮನುಷ್ಯರ ಮೈಗೆ ಹೊಂದಿಸುವ ವಿದ್ಯೆಯನ್ನು ಕಬುಕಿ ಹದಿನೆಂಟನೆಯ ಶತಮಾನದಲ್ಲಿಯೇ ಕಲಿತಿತ್ತೆಂಬುದನ್ನು ಇಲ್ಲಿ ಗಮನಿಸಬೇಕು.

ಈ ದೃಷ್ಟಿಯಿಂದ ನೋಡಿದರೆ ‘ವನ್ ಪೀಸ್’ ಕೂಡ ಒಂದು ಸೆಕಾಯ್. ಹದಿನೆಂಟನೆಯ ಶತಮಾನದ ಪ್ರೇಕ್ಷಕನು ಯೊಶಿತ್ಸುನೆಯ ಕಥೆಯನ್ನು ಬಲ್ಲವನಾಗಿ ರಂಗಮಂದಿರಕ್ಕೆ ಬರುತ್ತಿದ್ದಂತೆ, ಇಂದಿನ ಪ್ರೇಕ್ಷಕನು ಲುಫಿಯ ಕಥೆಯನ್ನು ಬಲ್ಲವನಾಗಿ ಬರುತ್ತಾನೆ. ಮುಂದೇನಾಗುವುದೆಂಬ ಕುತೂಹಲ ಅವನಿಗಿಲ್ಲ. ಇದನ್ನು ಹೇಗೆ ಆಡಿ ತೋರಿಸುವರೆಂಬುದೇ ಅವನ ಕುತೂಹಲ. ಭರತನ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಬೇಕಾದುದು ಲೋಕಧರ್ಮಿಯಲ್ಲ, ನಾಟ್ಯಧರ್ಮಿ.

ನಾಟಕವು ಮೂರು ಅಂಕಗಳಲ್ಲಿ ಆರಿಸಿಕೊಂಡಿರುವುದು ಸರಣಿಯ ಮಧ್ಯಭಾಗದ ಯುದ್ಧಪ್ರಕರಣವನ್ನು. ಸಂಗಡಿಗರಿಂದ ಅಗಲಿದ ಲುಫಿಯು, ಮರಣದಂಡನೆಗೆ ಗುರಿಯಾದ ತನ್ನ ಸೋದರಸಮಾನನಾದ ಏಸನನ್ನು ಬಿಡಿಸಲು ಕಡಲಡಿಯ ಸೆರೆಮನೆಯನ್ನು ಹೊಗುತ್ತಾನೆ; ಅಲ್ಲಿಂದ ನೌಕಾಸೇನೆಯ ನೆಲೆಯವರೆಗೂ ಬೆನ್ನಟ್ಟುತ್ತಾನೆ; ಕೊನೆಗೆ ಏಸನನ್ನು ಉಳಿಸಿಕೊಳ್ಳಲಾರದೆ ಹೋಗುತ್ತಾನೆ. ಈ ಆಯ್ಕೆ ವಿವೇಕದ್ದು. ಸರಣಿಯ ಹೆಚ್ಚಿನ ಸಾಹಸಗಳಲ್ಲಿ ಲುಫಿ ಗೆಲ್ಲುತ್ತಾನೆ. ಇಲ್ಲಿ ಅವನ ಶಕ್ತಿಗೆ ಮೇರೆಯುಂಟೆಂಬುದು ಗೋಚರವಾಗುತ್ತದೆ. ಮೇರೆಯುಳ್ಳ ಮೈಯಿಂದ ಆಡುವ ನಟನಿಗೆ ಇದಕ್ಕಿಂತ ತಕ್ಕ ವಸ್ತು ಈ ಸರಣಿಯಲ್ಲಿ ದೊರೆಯದೆಂದು ನಮ್ಮ ಅಭಿಪ್ರಾಯ.

ಈ ಯುದ್ಧದಲ್ಲಿ ಶಿರೊಹಿಗೆ ಎಂಬ ವೃದ್ಧ ನಾಯಕನ ಮರಣ ಬರುತ್ತದೆ. ಅವನ ಆಯುಧ ಉದ್ದನೆಯ ಹಿಡಿಯ ನಗಿನತ. ಅಸಂಖ್ಯ ಗಾಯಗಳಾದರೂ ಬೆನ್ನು ತೋರಿಸದೆ ನಿಂತ ನಿಲುವಿನಲ್ಲಿಯೇ ಅವನು ಪ್ರಾಣ ಬಿಡುತ್ತಾನೆ. ಜಪಾನಿನ ಪ್ರೇಕ್ಷಕನಿಗೆ ಇದು ಬೆಂಕೇಯ ಕಥೆಯನ್ನು ನೆನಪಿಗೆ ತರದಿರದು. ೧೧೮೯ರಲ್ಲಿ ಒಡೆಯ ಯೊಶಿತ್ಸುನೆಯನ್ನು ಕಾಯುತ್ತ ಬಾಣಗಳಿಂದ ಜರ್ಝರಿತನಾಗಿ ನಿಂತೇ ಸತ್ತನೆಂದು ಐತಿಹ್ಯವು ಹೇಳುವ ಬೆಂಕೇಯ ಆಯುಧವೂ ನಗಿನತವೇ. ೧೮೪೦ರಲ್ಲಿ ಮೊದಲು ಪ್ರದರ್ಶಿತವಾದ ‘ಕಂಜಿಂಚೋ’ ನಾಟಕದ ನಾಯಕನೂ ಅವನೇ. ಹೀಗಾಗಿ ಶಿರೊಹಿಗೆಯು ಕಬುಕಿ ರಂಗದ ಮೇಲೆ ನಿಂತಾಗ ಅವನು ಪರಕೀಯನಲ್ಲ. ಚಿತ್ರಕಥೆಯು ಹಳೆಯ ವೀರಪರಂಪರೆಯಿಂದ ಪಡೆದ ಸಾಲವನ್ನು ರಂಗಭೂಮಿ ಇಲ್ಲಿ ಮರಳಿ ವಸೂಲು ಮಾಡಿಕೊಳ್ಳುತ್ತದೆ. ಭಾವದ ತುತ್ತತುದಿಯಲ್ಲಿ ನಟನು ಚಲನೆಯನ್ನು ನಿಲ್ಲಿಸಿ ಸ್ಥಿರಭಂಗಿಯಲ್ಲಿ ನಿಲ್ಲುವ ‘ಮಿಯೆ’ ಎಂಬ ಕಬುಕಿ ಕ್ರಮವೂ ಇಂಥಲ್ಲಿ ಸಾರ್ಥಕವಾಗುತ್ತದೆ. ಚಿತ್ರಕಥೆಯ ಪುಟದ ಮೇಲೆ ಎಲ್ಲ ಭಂಗಿಗಳೂ ಸ್ಥಿರವೇ. ಚಲಿಸಬಲ್ಲ ಮೈಯೊಂದು ಚಲಿಸದೆ ನಿಂತಾಗ ಹುಟ್ಟುವ ಬಿಗುವು ರಂಗಕ್ಕೆ ಮಾತ್ರ ಸಾಧ್ಯ.

ಸೆರೆಮನೆಯ ಅಂಕದಲ್ಲಿ ನಿಜವಾದ ನೀರನ್ನು ಧಾರೆಯಾಗಿ ಸುರಿಸಿ ನಟರು ಅದರಲ್ಲಿ ಹೋರಾಡುತ್ತಾರೆ. ಬೇಸಗೆಯ ನಾಟಕಗಳಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವ ಈ ತಂತ್ರಕ್ಕೆ ‘ಹೊನ್ ಮಿಜು’ ಎಂದು ಹೆಸರು. ಅನಿಮೇಷನ್ನಿನಲ್ಲಿ ಸಮುದ್ರವನ್ನೇ ತೋರಿಸುವುದು ಸುಲಭ. ಆದರೆ ಆ ಸಮುದ್ರ ಯಾರನ್ನೂ ತೋಯಿಸದು. ಇಲ್ಲಿ ನೀರು ಸ್ವಲ್ಪವೇ ಆದರೂ ನಟರ ಉಡುಪು ನೆನೆದು ಭಾರವಾಗುವುದನ್ನು ಪ್ರೇಕ್ಷಕನು ಕಾಣುತ್ತಾನೆ. ಹಾಗೆಯೇ ಲುಫಿಯು ಹಗ್ಗದ ಆಧಾರದಿಂದ ಪ್ರೇಕ್ಷಕರ ತಲೆಯ ಮೇಲೆ ಹಾರಿಹೋಗುವ ‘ಚೂನೊರಿ’. ೧೯೬೮ರಲ್ಲಿ ಈ ಹಳೆಯ ತಂತ್ರಕ್ಕೆ ಮರುಜೀವ ಕೊಟ್ಟವರು ಮೂರನೆಯ ಎನ್ನೊಸುಕೆ. ೧೯೮೬ರಲ್ಲಿ ‘ಯಮತೊ ತಕೆರು’ ನಾಟಕದಿಂದ ‘ಸೂಪರ್ ಕಬುಕಿ’ ಎಂಬ ಪ್ರಕಾರವನ್ನು ಪ್ರಾರಂಭಿಸಿದವರೂ ಅವರೇ. ಹಗ್ಗವಿದೆಯೆಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹಾರಾಟವನ್ನು ಒಪ್ಪಿಕೊಳ್ಳುವುದರಲ್ಲಿಯೇ ರಸವಿದೆ.

ಪಾತ್ರಹಂಚಿಕೆಯಲ್ಲಿಯೂ ಇದೇ ಧೈರ್ಯ ಕಾಣುತ್ತದೆ. ಎನ್ನೊಸುಕೆ ಒಬ್ಬರೇ ಲುಫಿ, ಅವನಿಗೆ ಆದರ್ಶನಾದ ಶ್ಯಾಂಕ್ಸ್, ಸ್ತ್ರೀದ್ವೀಪದ ರಾಣಿ ಹ್ಯಾನ್‌ಕಾಕ್ ಎಂಬ ಮೂರು ಪಾತ್ರಗಳನ್ನು ವಹಿಸಿದರು. ಸಾದೃಶ್ಯವನ್ನೇ ಬಯಸುವವರಿಗೆ ಇದು ಅಪಚಾರವಾಗಿ ತೋರಬಹುದು. ಆದರೆ ಬಾಲಕನಂಥ ವೀರನೂ ಅವನಲ್ಲಿ ಅನುರಕ್ತಳಾದ ರಾಣಿಯೂ ಒಂದೇ ಮೈಯಲ್ಲಿ ಮೂಡುವುದನ್ನು ಯಾವ ಅನಿಮೇಷನ್ನೂ ತೋರಿಸಲಾರದು. ಅಲ್ಲಿ ಪಾತ್ರದ ಹಿಂದೆ ಕಾಣುವ ನಟನೇ ಇಲ್ಲವಷ್ಟೆ.

ದೋಷಗಳನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣವಾದೀತು. ಪರಿಚಿತ ಪ್ರಪಂಚವನ್ನು ನಂಬಿದ ನಾಟಕಕ್ಕೆ ಪರಿಚಯವಿಲ್ಲದವನ ಹೊಣೆ ಭಾರವಾಗುತ್ತದೆ. ಮೊದಲನೆಯ ಅಂಕದಲ್ಲಿ ಲುಫಿಯ ಸಂಗಡಿಗರೆಲ್ಲರೂ ಬಂದು, ತಮ್ಮ ಗುರುತು ತೋರಿಸಿ, ಬೇಗನೆ ಚದುರಿಹೋಗುತ್ತಾರೆ. ಕಥೆಯ ಮುಂದಿನ ಭಾಗ ಅವರ ಮೇಲೆ ನಿಂತಿಲ್ಲ. ಅವರಿಲ್ಲದಿದ್ದರೆ ಅಭಿಮಾನಿಗಳು ಒಪ್ಪುತ್ತಿರಲಿಲ್ಲವೆಂಬುದು ನಿಜ. ಆದರೆ ಆ ಮೆರವಣಿಗೆ ಸಾದೃಶ್ಯಕ್ಕೆ ತೆತ್ತ ತೆರಿಗೆಯೇ ಹೊರತು ನಾಟಕದ ಅಗತ್ಯವಲ್ಲ. ಏಸನ ಮರಣವೂ ಸರಣಿಯನ್ನು ವರ್ಷಗಟ್ಟಲೆ ಅನುಸರಿಸಿದವರಲ್ಲಿ ಎಬ್ಬಿಸುವ ಶೋಕವನ್ನು ಹೊಸಬನಲ್ಲಿ ಎಬ್ಬಿಸಲಾರದು. ದೀರ್ಘಕಾಲದ ಒಡನಾಟದಿಂದ ಬರುವ ಪ್ರೀತಿಯನ್ನು ಮೂರು ಅಂಕಗಳಲ್ಲಿ ಬೆಳೆಸುವುದು ಕಷ್ಟ. ಯುದ್ಧದ ಅಂಕದಲ್ಲಿ ದೀಪ, ಧ್ವನಿ, ಪರದೆಯ ಚಿತ್ರಗಳು ಒತ್ತಿಬಂದು ನಟನ ಮೈಯನ್ನು ಮರೆಮಾಡುವ ಕ್ಷಣಗಳೂ ಉಂಟು. ಅಂಥಲ್ಲಿ ನಾಟಕವು ತನ್ನ ಬಲವನ್ನು ಬಿಟ್ಟು ಅನಿಮೇಷನ್ನಿನ ಬಲವನ್ನು ಬೇಡಹೋಗಿದೆ.

೨೦೧೭ರ ಮರುಪ್ರದರ್ಶನದ ಕಾಲದಲ್ಲಿ, ಅಕ್ಟೋಬರ್ ೯ರಂದು, ಎನ್ನೊಸುಕೆ ಅವರ ಉಡುಪು ರಂಗಯಂತ್ರದಲ್ಲಿ ಸಿಕ್ಕಿಕೊಂಡು ಅವರ ಎಡಗೈ ಮುರಿಯಿತು. ಲುಫಿಯ ಪಾತ್ರವನ್ನು ತರುಣ ನಟ ಒನೊಎ ಉಕೊನ್ ವಹಿಸಿಕೊಂಡರು, ಪ್ರದರ್ಶನಗಳು ಮುಂದುವರಿದವು. ರಬ್ಬರಿನ ತೋಳಿನ ವೀರನನ್ನು ಆಡಿದ ನಟನ ತೋಳು ಎಲುಬಿನದು. ರಂಗಭೂಮಿಯು ರೇಖೆಗೆ ಸೇರಿಸುವುದು ಈ ಅಪಾಯವನ್ನು. ಪ್ರೇಕ್ಷಕನು ಉಸಿರು ಬಿಗಿಹಿಡಿದು ನೋಡುವುದಕ್ಕೆ ಕಾರಣವೂ ಇದೇ. ಪಾತ್ರವನ್ನು ಇನ್ನೊಬ್ಬ ನಟನು ಕೈಗೆತ್ತಿಕೊಂಡುದರಲ್ಲಿ ಕಬುಕಿಯ ಮತ್ತೊಂದು ಧರ್ಮವೂ ಕಾಣುತ್ತದೆ: ಅಲ್ಲಿ ಪಾತ್ರ ಒಬ್ಬನ ಸೊತ್ತಲ್ಲ, ಒಬ್ಬರಿಂದೊಬ್ಬರಿಗೆ ಸಾಗಿಬರುವಂಥದು.

ನಾಲ್ಕು ಶತಮಾನಗಳ ಕಲೆಯೊಂದು ಮಕ್ಕಳ ಚಿತ್ರಕಥೆಗೆ ತಲೆಬಾಗಿತೆಂದು ಆಕ್ಷೇಪಿಸುವವರು ಇರಬಹುದು. ಕಬುಕಿಯು ಹುಟ್ಟಿದ್ದೇ ಪೇಟೆಯ ಜನರ ವಿನೋದವಾಗಿ ಎಂಬುದನ್ನೂ, ‘ಚೂಶಿಂಗುರ’ವು ಅಂದಿನ ಜನ ಬಾಯಲ್ಲಿ ಆಡಿಕೊಳ್ಳುತ್ತಿದ್ದ ಸುದ್ದಿಯಿಂದ ಬಂದುದೆಂಬುದನ್ನೂ ಅವರು ನೆನೆಯಬೇಕು. ವಸ್ತುವು ಎಲ್ಲಿಂದ ಬಂತೆಂಬುದು ಗೌರವದ ಪ್ರಶ್ನೆಯಲ್ಲ. ಬಂದ ವಸ್ತುವನ್ನು ರಂಗವು ತನ್ನ ಧರ್ಮದಿಂದ ನಡೆಸಿತೇ, ಅಥವಾ ವಸ್ತುವಿನ ಹಿಂದೆ ತಾನು ಓಡಿತೇ ಎಂಬುದನ್ನು ಮಾತ್ರ ವಿಚಾರಿಸಬೇಕು. ಈ ನಾಟಕವು ಎರಡನ್ನೂ ಮಾಡಿದೆ. ಮೊದಲನೆಯದನ್ನು ಮಾಡಿದೆಡೆಗಳಲ್ಲಿ ಅದು ಅನಿಮೇಷನ್ನಿನ ಅಭಿಮಾನಿಗೂ ಕಬುಕಿಯ ರಸಿಕನಿಗೂ ಸಮನಾಗಿ ಸಲ್ಲುತ್ತದೆ. ಇಂಥ ಸರಣಿಗಳನ್ನು ರಂಗಕ್ಕೆ ತರಬಯಸುವವರು ಅನುಕರಿಸಬೇಕಾದುದು ಅದರ ವೈಭವವನ್ನಲ್ಲ, ತಮ್ಮ ರಂಗಪರಂಪರೆಯಲ್ಲಿ ಅದು ಇಟ್ಟ ವಿಶ್ವಾಸವನ್ನು ಎಂದು ಹೇಳಿ ಈ ವಿವೇಚನೆಯನ್ನು ಮುಗಿಸುತ್ತೇವೆ.