ಅನುಕಂಪವೂ ವಿಮರ್ಶೆಯೂ

ಅಂಗವಿಕಲರೊಬ್ಬರು ರಂಗದ ಮೇಲೆ ನರ್ತಿಸಿದಾಗ ನಾವು ಚಪ್ಪಾಳೆ ತಟ್ಟುವುದು ಅವರ ಕಲೆಗೋ, ಧೈರ್ಯಕ್ಕೋ? ಧೈರ್ಯವನ್ನು ಮೆಚ್ಚುವುದು ಸಜ್ಜನಿಕೆಯೇ ಸರಿ. ಆದರೆ ಅದು ವಿಮರ್ಶೆಯಲ್ಲ. ಇಂದಿನ ನೃತ್ಯವನ್ನು ಕುರಿತು ಬರೆಯುವವರು ಈ ಎರಡನ್ನೂ ಬೇರ್ಪಡಿಸಿ ನೋಡುವುದು ಅವಶ್ಯ.

ಇಂಗ್ಲೆಂಡಿನ ನರ್ತಕಿ ಸೆಲೆಸ್ಟ್ ಡ್ಯಾಂಡೆಕರ್ ಅವರು 1973ರಲ್ಲಿ ಮ್ಯಾಂಚೆಸ್ಟರಿನಲ್ಲಿ ನರ್ತಿಸುತ್ತಿರುವಾಗಲೇ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಯಿತು. ಅವರೇ 1991ರಲ್ಲಿ ಆಡಮ್ ಬೆಂಜಮಿನ್ ಅವರೊಡನೆ ಲಂಡನ್ನಿನಲ್ಲಿ ‘ಕ್ಯಾಂಡೋಕೋ’ ಎಂಬ ತಂಡವನ್ನು ಕಟ್ಟಿದರು. ಅಂಗವಿಕಲರೂ ಅಲ್ಲದವರೂ ಅಲ್ಲಿ ಸರಿಸಮರಾಗಿ ನರ್ತಿಸಿದರು. ಅದು ದಾನಧರ್ಮದ ಕಾರ್ಯವಾಗಿರದೆ ವೃತ್ತಿನಿರತ ಕಲಾವಿದರ ತಂಡವಾಗಿತ್ತು.

ಆ ತಂಡದಲ್ಲಿ ಪಳಗಿದವರು ಲೀಡ್ಸ್ ನಗರದ ಡೇವಿಡ್ ಟೂಲ್ (1964–2020). ಶೈಶವದಲ್ಲಿಯೇ ಕಾಲುಗಳನ್ನು ಕಳೆದುಕೊಂಡ ಅವರು ನೃತ್ಯಕ್ಕೆ ಬರುವ ಮುನ್ನ ಅಂಚೆಯ ಕೆಲಸದಲ್ಲಿದ್ದರು. ಲಾಯ್ಡ್ ನ್ಯೂಸನ್ ನಿರ್ದೇಶಿಸಿದ ‘ದಿ ಕಾಸ್ಟ್ ಆಫ್ ಲಿವಿಂಗ್’ (2004) ಎಂಬ ನೃತ್ಯಚಿತ್ರದಲ್ಲಿ ಅವರ ಕಲೆಯನ್ನು ಕಾಣಬಹುದು. ಬ್ಯಾಲೆ ಅಭ್ಯಾಸ ನಡೆಯುತ್ತಿರುವ ಕೊಠಡಿಗೆ ಟೂಲ್ ಬರುತ್ತಾರೆ, ನರ್ತಕಿಯೊಬ್ಬಳೊಡನೆ ನರ್ತಿಸುತ್ತಾರೆ. ಅವರಿಗೆ ತೋಳೇ ಕಾಲು, ಅಂಗೈಯೇ ಪಾದ. ನಮ್ಮ ನಡಿಗೆಯಲ್ಲಿ ಮೈಭಾರವು ಸೊಂಟದಿಂದ ಇಳಿದರೆ ಅವರ ನಡೆಯಲ್ಲಿ ಭುಜದಿಂದ ಇಳಿಯುತ್ತದೆ. ಆದಕಾರಣ ಲಯ ಬೇರೆ, ತಿರುವು ಬೇರೆ, ನೆಲದೊಡನೆ ಇರುವ ನಂಟೂ ಬೇರೆ. ಟೂಲ್ ಇಲ್ಲಿ ಬ್ಯಾಲೆಯನ್ನು ಅನುಕರಿಸಲು ಹೆಣಗುವುದಿಲ್ಲ. ಕಾಲುಳ್ಳ ನರ್ತಕಿಯೇ ನೆಲಕ್ಕಿಳಿದು ಅವರ ಚಲನೆಗೆ ಉತ್ತರ ಕೊಡಬೇಕಾಗುತ್ತದೆ. ನೃತ್ಯದ ಭಾಷೆ ಬೆಳೆಯುವುದು ಹೀಗೆ.

ಇನ್ನೊಂದು ದೃಶ್ಯದಲ್ಲಿ ಒಬ್ಬನು ಕ್ಯಾಮೆರಾ ಹಿಡಿದು, ಟೂಲ್ ಅವರ ದೇಹವನ್ನು ಕುರಿತು ನಾಚಿಕೆಗೆಟ್ಟ ಪ್ರಶ್ನೆಗಳನ್ನು ಒಂದರ ಮೇಲೊಂದು ಕೇಳುತ್ತಾನೆ. ನಮ್ಮ ಕುತೂಹಲಕ್ಕೆ ಹಿಡಿದ ಕನ್ನಡಿಯದು. ಆದರೂ ಉದ್ದೇಶವು ಬಾಯಿಬಿಟ್ಟು ಮಾತನಾಡುವುದರಿಂದ ಆ ದೃಶ್ಯವು ನರ್ತನದಷ್ಟು ಆಳಕ್ಕೆ ಇಳಿಯುವುದಿಲ್ಲವೆಂದು ನನ್ನ ಅಭಿಪ್ರಾಯ. ಈ ದೋಷವನ್ನು ಎತ್ತಿ ಹೇಳುವುದು ನಿರ್ದಯವಲ್ಲ. ಗುಣದೋಷಗಳನ್ನು ತೂಗಿ ನೋಡುವುದೇ ಕಲಾವಿದನಿಗೆ ಸಲ್ಲಿಸುವ ಮರ್ಯಾದೆ.

ಅಧ್ಯಾಪಕ ಮಿತ್ರರೇ, ಈ ಮಾತು ದೂರದ ಇಂಗ್ಲೆಂಡಿಗೆ ಮಾತ್ರ ಸಂಬಂಧಿಸಿದ್ದಲ್ಲ. ಕಳೆದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದ ಕೋಲಾಟಕ್ಕೆ ಊರುಗೋಲಿನ ಹುಡುಗಿಯೊಬ್ಬಳು ಹೆಸರು ಕೊಟ್ಟಳು. “ನೀನು ಪ್ರಾರ್ಥನೆ ಹಾಡಮ್ಮ” ಎಂದು ಅವಳನ್ನು ಕುಳ್ಳಿರಿಸಿದವನು ನಾನೇ. ಅದನ್ನು ಕರುಣೆಯೆಂದೇ ಬಗೆದಿದ್ದೆ. ಆಟಕ್ಕೆ ಬೇಕಾದ ಕೋಲು ಅವಳ ಕೈಯಲ್ಲಿ ಮೊದಲೇ ಇದ್ದಿತೆಂಬುದು ಅಂದು ನನಗೆ ಹೊಳೆಯಲಿಲ್ಲ.

ಈ ವರ್ಷದ ಪಟ್ಟಿಯಲ್ಲಿ ಅವಳ ಹೆಸರಿದೆ. ಅವಳ ಹೆಜ್ಜೆಗೆ ಒಪ್ಪುವಂತೆ ಉಳಿದ ಮಕ್ಕಳ ಸುತ್ತನ್ನೂ ತಿದ್ದುತ್ತಿದ್ದೇನೆ. ತಾಳ ತಪ್ಪಿದರೆ ಉಳಿದವರಿಗೆ ಹೇಳುವಂತೆ ಅವಳಿಗೂ ತಪ್ಪೆಂದೇ ಹೇಳುವೆನು.