ರಹದಾರಿಯ ಬೆಲೆ

ಹುಟ್ಟಿದ ಊರನ್ನು ಬಿಟ್ಟುಹೋಗುವುದಕ್ಕೂ ಬೆಲೆ ತೆರಬೇಕಾಗಿ ಬಂದರೆ ಮನುಷ್ಯ ಏನೇನನ್ನು ಕೊಟ್ಟಾನು? ಹೆರ್ಟಾ ಮ್ಯೂಲರ್ ಅವರು 1986ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಕಿರುಕಾದಂಬರಿ ಎತ್ತುವ ಪ್ರಶ್ನೆ ಇದು. ಮೂಲದಲ್ಲಿ ಅದರ ಹೆಸರು ‘ಮನುಷ್ಯನೆಂದರೆ ಲೋಕದಲ್ಲೊಂದು ದೊಡ್ಡ ಫೆಸೆಂಟ್ ಹಕ್ಕಿ’ ಎಂದು. ಇಂಗ್ಲಿಷಿಗೆ ಬಂದಾಗ ‘ದಿ ಪಾಸ್‌ಪೋರ್ಟ್’ ಆಯಿತು. ನಾನು ಓದಿದ್ದು ಈ ಅನುವಾದವನ್ನು.

ಕಥೆಯ ಹಿನ್ನೆಲೆಯನ್ನು ಓದುಗರು ತುಸು ತಿಳಿದಿರಬೇಕು. ರುಮೇನಿಯದ ಬನಾಟ್ ಸೀಮೆಯ ಜರ್ಮನ್ ರೈತರು ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಗೆ ಬಂದು ನೆಲೆಸಿದವರು. ಎರಡನೆಯ ಮಹಾಯುದ್ಧದಲ್ಲಿ ಅವರ ಗಂಡಸರು ಅನೇಕರು ಹಿಟ್ಲರನ ಪಡೆಗಳಲ್ಲಿ ದುಡಿದರು. ಲೇಖಕಿಯ ತಂದೆಯೂ ಎಸ್.ಎಸ್. ಪಡೆಯಲ್ಲಿದ್ದವನೇ. 1945ರ ಜನವರಿಯಲ್ಲಿ ಅದರ ದಂಡವನ್ನು ಇಡೀ ಜನಾಂಗ ತೆತ್ತಿತು. ಸುಮಾರು 70,000 ಮಂದಿಯನ್ನು ಸೋವಿಯತ್ ದೇಶದ ದುಡಿಮೆಯ ಶಿಬಿರಗಳಿಗೆ ಸಾಗಿಸಿದರು. ಲೇಖಕಿಯ ತಾಯಿ ಅಲ್ಲಿ ಐದು ವರ್ಷ ಕಳೆದಳು. ಮುಂದೆ ಪಶ್ಚಿಮ ಜರ್ಮನಿ ಈ ಜನರನ್ನು ತನ್ನವರೆಂದು ಕರೆಸಿಕೊಳ್ಳಲು ಮುಂದಾದಾಗ, ರುಮೇನಿಯದ ಸರಕಾರ ತಲೆಗೆ ಇಷ್ಟೆಂದು ಹಣ ಕೇಳಿತು. ಗುಟ್ಟಿನ ಈ ವ್ಯವಹಾರವನ್ನು ನಡೆಸಿದ್ದು ಅಲ್ಲಿಯ ಗುಪ್ತಪೋಲೀಸು ಇಲಾಖೆ, ಸೆಕ್ಯುರಿಟಾಟೆ. ಓದಿದವನಿಗೆ ಒಂದು ದರ, ಓದದವನಿಗೆ ಇನ್ನೊಂದು. 1989ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಹೀಗೆ ‘ಸ್ವದೇಶಕ್ಕೆ ಮರಳಿದರು’. ಅವರಲ್ಲಿ ಬಹುಮಂದಿ ಆ ಸ್ವದೇಶವನ್ನು ಕಂಡವರೇ ಅಲ್ಲ.

ಕಾದಂಬರಿಯ ನಾಯಕ ವಿಂಡಿಷ್, ಹಿಟ್ಟಿನ ಗಿರಣಿಯವನು. ರಹದಾರಿಗಾಗಿ ದಿನ ಎಣಿಸುತ್ತಿದ್ದಾನೆ. ಮೇಯರನ ಮನೆಗೆ ಮೂಟೆ ಮೂಟೆ ಹಿಟ್ಟು ಹೋಗುತ್ತದೆ. ಕಾಗದ ಮಾತ್ರ ಬರುವುದಿಲ್ಲ. ಜ್ಞಾನಸ್ನಾನದ ಪತ್ರ ಪಾದ್ರಿಯ ಕೈಯಲ್ಲಿದೆ, ರಹದಾರಿ ಪೋಲೀಸಿನವನ ಕೈಯಲ್ಲಿ. ಅವರಿಗೆ ಬೇಕಾದದ್ದು ಹಿಟ್ಟಲ್ಲ, ಅವನ ಮಗಳು ಅಮಾಲಿಯೆ. ತನ್ನ ಮನೆಯಲ್ಲಿ ಇದು ನಡೆಯದು ಎಂದುಕೊಂಡಿದ್ದ ತಂದೆ ಕೊನೆಗೆ ಮಗಳನ್ನು ಕಳುಹಿಸುತ್ತಾನೆ.

ಇದನ್ನು ಲಂಚದ ಕಥೆಯೆಂದು ಓದಿದರೆ ಅರ್ಧವನ್ನು ಮಾತ್ರ ಓದಿದಂತೆ. ಕಾನೂನು ಇದ್ದಲ್ಲಿ ಅದನ್ನು ಮುರಿಯುವುದು ಲಂಚ. ಇಲ್ಲಿ ಸರಕಾರವೇ ಮನುಷ್ಯರನ್ನು ತೂಗಿ ಮಾರುತ್ತಿರುವಾಗ, ಊರಿನ ಪಾದ್ರಿ, ಪೋಲೀಸರು ತಮ್ಮ ಪಾಲಿನ ತಕ್ಕಡಿಯನ್ನು ಹಿಡಿದಿದ್ದಾರೆ, ಅಷ್ಟೆ. ಕೃತಿಯಲ್ಲಿ ಗುಪ್ತಪೋಲೀಸರವನೊಬ್ಬ ಮುಖ್ಯ ಪಾತ್ರವಾಗಿ ಬರುವುದಿಲ್ಲ. ವಿಚಾರಣೆಯ ಕೋಣೆಗೆ ಲೇಖಕಿ ನಮ್ಮನ್ನು ಒಯ್ಯುವುದೂ ಇಲ್ಲ. ಇದು ಅರಿಯದೆ ಬಿಟ್ಟದ್ದಲ್ಲ. ಕಾರ್ಖಾನೆಯಲ್ಲಿ ಅನುವಾದಕಿಯಾಗಿದ್ದಾಗ ಬೇಹುಗಾರಿಕೆಗೆ ಒಪ್ಪದೆ ಕೆಲಸ ಕಳೆದುಕೊಂಡವರು ಅವರು. ಆದರೂ ಆ ಇಲಾಖೆಯನ್ನು ಮರೆಯಲ್ಲಿಟ್ಟು, ಅದರ ಆಳ್ವಿಕೆ ಹಿಟ್ಟಿನ ಮೂಟೆಯ ಮೂಲಕ, ಚರ್ಚಿನ ದಫ್ತರದ ಮೂಲಕ, ಕೊನೆಗೆ ತಂದೆಯ ಮೌನದ ಮೂಲಕ ಹೇಗೆ ಮನೆಯೊಳಕ್ಕೆ ಇಳಿಯುತ್ತದೆಂದು ತೋರಿಸಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆ ನಮ್ಮಲ್ಲುಂಟು. ಈ ಕಾದಂಬರಿಯಲ್ಲಿಯೂ ತನ್ನ ಹಣ್ಣನ್ನು ತಾನೇ ತಿನ್ನುವ ಸೇಬಿನ ಮರವೊಂದಿದೆ. ಮನೆಯ ಯಜಮಾನನೇ ಆ ಮರವಾಗುವುದು ಕಥೆಯ ದುರಂತ.

ಇನ್ನೂ ಆಳವಾದ ಎಳೆಯೊಂದಿದೆ. ವಿಂಡಿಷನ ಹೆಂಡತಿ ಕಟರೀನಾ ರಷ್ಯದ ಶಿಬಿರದಲ್ಲಿ ಬದುಕಿ ಉಳಿದದ್ದು ರೊಟ್ಟಿಗಾಗಿ ಮೈ ಕೊಟ್ಟು. ಆ ಕಾರಣಕ್ಕೆ ಗಂಡ ಅವಳನ್ನು ಬಾಳಿಡೀ ಹಳಿಯುತ್ತಾನೆ. ಈಗ ಅವನ ಮಗಳು ಅದೇ ಬೆಲೆಯನ್ನು ಕಾಗದಕ್ಕಾಗಿ ತೆರಬೇಕು. ತಾಯಿಯನ್ನು ಒಯ್ದ ರಾಜ್ಯಶಕ್ತಿ ಒಂದು, ಮಗಳನ್ನು ತಡೆದು ನಿಲ್ಲಿಸಿದ್ದು ಇನ್ನೊಂದು. ಗಡಿ ದಾಟಿಸುವುದಕ್ಕೂ ದಾಟಗೊಡದಿರುವುದಕ್ಕೂ ಸುಂಕ ಮಾತ್ರ ಒಂದೇ. ಲೇಖಕಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗುತ್ತಾರೆ.

ಕೊರತೆ ಇಲ್ಲವೆಂದಲ್ಲ. ತುಂಡು ತುಂಡು ವಾಕ್ಯಗಳು, ಒಂದರ ಮೇಲೊಂದು ಬೀಳುವ ಪ್ರತಿಮೆಗಳು ಕೆಲವೆಡೆ ಕಥೆಯ ಉಸಿರು ಕಟ್ಟಿಸುತ್ತವೆ. ಅದಕ್ಕಿಂತ ದೊಡ್ಡ ಕೊರತೆ ಅಮಾಲಿಯೆಯದು. ನಾವು ತಂದೆಯ ಸಂಕಟವನ್ನು ಬಲ್ಲೆವು. ಬೆಲೆ ತೆತ್ತವಳ ಮನಸ್ಸು ನಮಗೆ ಹೆಚ್ಚಾಗಿ ಮುಚ್ಚಿಯೇ ಇರುತ್ತದೆ. ಅವಳು ಪತ್ರಗಳ ನಡುವೆ ಒಂದು ಪತ್ರವಾದಳೆಂದು ತೋರಿಸಲು ಹೀಗೆ ಮಾಡಿದ್ದಾರೆಂದು ವಾದಿಸಬಹುದು. ಆ ವಾದ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ.

ಇಂಗ್ಲಿಷ್ ಹೆಸರು ಕಳೆದುಕೊಂಡದ್ದೇನೆಂಬುದನ್ನೂ ಹೇಳಬೇಕು. ಫೆಸೆಂಟ್ ನಮ್ಮ ಕಾಡುಕೋಳಿಯ ಬಳಗದ ಹಕ್ಕಿ. ಜರ್ಮನರಿಗೆ ಅದು ಜಂಬಗಾರನ ಗುರುತು. ರುಮೇನಿಯದವರ ನುಡಿಗಟ್ಟಿನಲ್ಲಿ ಸೋತವನ ಗುರುತು. ವಿಂಡಿಷ್ ಈ ಎರಡೂ ಹೌದು. ತನ್ನ ಕುಲದ ಹೆಮ್ಮೆಯನ್ನು ಹೊತ್ತು ಹೊರಟವನು ಹೊರಡುವ ಮೊದಲೇ ಅದನ್ನು ಮಾರಿಕೊಂಡಿದ್ದಾನೆ. ಲೇಖಕಿಯೂ 1987ರಲ್ಲಿ ಅದೇ ದಾರಿ ಹಿಡಿದು ಜರ್ಮನಿಗೆ ಹೋದರು. 2009ರಲ್ಲಿ ನೊಬೆಲ್ ಬಹುಮಾನ ಬಂದಿತು. ಬಹುಮಾನದ ಹೆಸರಿಗಾಗಿ ಯಾರೂ ಈ ಪುಸ್ತಕವನ್ನು ಓದಬೇಕಾಗಿಲ್ಲ. ಕಾಗದದ ತುಂಡೊಂದಕ್ಕಾಗಿ ಕಚೇರಿಯ ಬಾಗಿಲಲ್ಲಿ ಕಾದು ನಿಂತವರೆಲ್ಲರಿಗೂ ಇದು ಅರ್ಥವಾಗುವ ಪುಸ್ತಕ.