ಹಚ್ಚೆಯೂ ಮಂತ್ರವೂ

ಮಂತ್ರಸಿದ್ಧಿಗೆ ತೆರಬೇಕಾದ ಬೆಲೆ ಯಾವುದೆಂಬ ಪ್ರಶ್ನೆಯು ಕಥೆ ಹೇಳುವ ಕಲೆಯಷ್ಟೇ ಹಳೆಯದು. ಕುಲವನ್ನು ಮರೆಮಾಚಿ ಪರಶುರಾಮನಿಂದ ಅಸ್ತ್ರವನ್ನು ಪಡೆದ ಕರ್ಣನಿಗೆ ಅದರ ಮಂತ್ರವು ಬೇಕಾದ ಗಳಿಗೆಯಲ್ಲಿಯೇ ಮರೆತುಹೋದುದನ್ನು ಬಲ್ಲ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಇದೇ ಪ್ರಶ್ನೆಗೆ ಕಥೆಯ ಮೂಲಕವಲ್ಲದೆ ನಿಯಮದ ಮೂಲಕ ಉತ್ತರ ಹೇಳಬೇಕಾಗಿ ಬಂದದ್ದು ಅಮೆರಿಕದಲ್ಲಿ ಹುಟ್ಟಿದ ಪಾತ್ರವಹಿಸುವ ಆಟಗಳಲ್ಲಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದೇ ಇವುಗಳಿಗೆ ಮೂಲ. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಒಬ್ಬನು ಸೂತ್ರಧಾರನಾಗಿ ಸನ್ನಿವೇಶವನ್ನು ಕಟ್ಟಿಕೊಡುತ್ತಾನೆ. ಸಂಶಯ ಬಂದಲ್ಲಿ ಇಪ್ಪತ್ತು ಮುಖದ ದಾಳವು ತೀರ್ಪು ಹೇಳುತ್ತದೆ.

ಆಟದ ನಿಯಮಪುಸ್ತಕವನ್ನು ಸಾಹಿತ್ಯದ ಒರೆಗಲ್ಲಿಗೆ ಹಚ್ಚುವುದು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಆದರೆ ಇಲ್ಲಿ ಯಾವ ಕಥೆ ನಡೆದೀತು, ಯಾವುದು ನಡೆಯಲಾರದು ಎಂಬುದನ್ನು ನಿಯಮವೇ ಗೊತ್ತುಮಾಡುವುದರಿಂದ, ಅದರ ಹಿಂದಿನ ಕಲ್ಪನೆ ದೃಢವೋ ಪೊಳ್ಳೋ ಎಂದು ವಿಚಾರಿಸುವುದು ವಿಮರ್ಶೆಯ ಕೆಲಸವೇ ಆಗಿದೆ.

ಈ ಆಟದ ಮೊದಲ ಪದ್ಧತಿಯಲ್ಲಿ ಮಾಂತ್ರಿಕನು ಗ್ರಂಥವನ್ನು ನೋಡಿ ಮಂತ್ರವನ್ನು ಮನಸ್ಸಿನಲ್ಲಿ ಧರಿಸಬೇಕು. ಒಮ್ಮೆ ಪ್ರಯೋಗಿಸಿದೊಡನೆ ಅದು ಮನಸ್ಸಿನಿಂದ ಅಳಿಸಿಹೋಗುತ್ತದೆ. ಜ್ಯಾಕ್ ವ್ಯಾನ್ಸ್‌ನ ‘ದಿ ಡೈಯಿಂಗ್ ಅರ್ತ್’ ಎಂಬ 1950ರ ಕಥಾಗ್ರಂಥದಿಂದ ತೆಗೆದುಕೊಂಡ ಭಾವನೆಯಿದು. ಮರೆವೇ ಇಲ್ಲಿ ಬೆಲೆ. ಹೀಗಿರುವಲ್ಲಿ ಮಂತ್ರವನ್ನು ಗ್ರಂಥದಲ್ಲಿಡದೆ ಮೈಮೇಲೆಯೇ ಹಚ್ಚೆಯಾಗಿ ಬರೆಯಿಸಿಕೊಂಡರೆ ಏನಾದೀತು? ಮೈಯೇ ಗ್ರಂಥವಾಯಿತು, ಕಳ್ಳನು ಕದಿಯಲಾರ, ಮಳೆ ತೊಳೆಯಲಾರದು, ಮನಸ್ಸು ಮರೆತರೂ ಚರ್ಮ ಮರೆಯದು. ಆದುದರಿಂದ ಬೆಲೆಯು ಬೇರೆ ಯಾವುದಾದರೂ ಆಗಲೇಬೇಕು. ಕಲ್ಪನೆಯ ಸತ್ವವೆಲ್ಲವೂ ಈ ‘ಬೇರೆ’ಯಲ್ಲಿಯೇ ಅಡಗಿದೆ.

2020ರಲ್ಲಿ ಅದೇ ಆಟಕ್ಕೆ ಹೊರಟ ‘ಟಾಷಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್’ ಎಂಬ ಪುಸ್ತಕದಲ್ಲಿ ಮಾಂತ್ರಿಕ ಹಚ್ಚೆಗಳಿಗೆ ವಿಧ್ಯುಕ್ತವಾದ ಸ್ಥಾನ ದೊರೆಯಿತು. ಅದರ ಕ್ರಮ ಹೀಗಿದೆ: ಮಂತ್ರಿಸಿದ ಸೂಜಿಯನ್ನು ಪಾತ್ರವು ತನ್ನ ಮೈಗೆ ಒತ್ತಿ ಹಿಡಿದು ಒಂದು ಗಂಟೆ ಕಾಲ ಕುಳಿತಿರಬೇಕು, ಆಗ ಸೂಜಿಯೇ ಮಸಿಯಾಗಿ ಕರಗಿ ಹಚ್ಚೆಯಾಗುತ್ತದೆ. ಹಚ್ಚೆಯ ಶಕ್ತಿ ಹೆಚ್ಚಿದಷ್ಟೂ ಅದು ಮೈಯನ್ನು ಹೆಚ್ಚಾಗಿ ಆವರಿಸುತ್ತದೆ. ಸಾಮಾನ್ಯವಾದುದಕ್ಕೆ ಒಂದು ಅಂಗೈಯಷ್ಟು ಎಡೆ ಸಾಕು. ಅಸಾಧಾರಣವಾದುದಕ್ಕೆ ಎರಡು ತೋಳುಗಳೂ ಮುಂಡವೂ ಬೇಕು. ಬೆಂಕಿಯನ್ನು ತಡೆಯುವ ಹಚ್ಚೆ ಕೆಂಪು, ಚಳಿಯನ್ನು ತಡೆಯುವುದು ನೀಲಿ. ಮೈ ಎಂಬ ಗ್ರಂಥಕ್ಕೆ ಪುಟಗಳು ಇಷ್ಟೇ ಎಂಬ ಈ ಎಣಿಕೆಯು ಪುಸ್ತಕದಲ್ಲಿಯೇ ಅತ್ಯಂತ ಸೊಗಸಾದ ಭಾಗ.

ಆದರೆ ಕೊಟ್ಟ ಕೈಯಿಂದಲೇ ಕಿತ್ತುಕೊಂಡಂತೆ ಮುಂದಿನ ನಿಯಮವೊಂದಿದೆ. ಪಾತ್ರಕ್ಕೂ ಹಚ್ಚೆಗೂ ಇರುವ ಸಂಬಂಧವು ಕಡಿದೊಡನೆ ಹಚ್ಚೆ ಮಾಯವಾಗಿ ಸೂಜಿಯು ಮತ್ತೆ ಪ್ರತ್ಯಕ್ಷವಾಗುತ್ತದೆ. ಇನ್ನೊಬ್ಬನಿಗೆ ಕೊಡಬಹುದು, ಮಾರಬಹುದು. ಒಂದೇ ಮಂತ್ರವನ್ನು ಹೊತ್ತ ಮತ್ತೊಂದು ಬಗೆಯ ಹಚ್ಚೆಯಂತೂ ಪ್ರಯೋಗವಾದ ಮೇಲೆ ಮೈಯಿಂದಲೇ ಅಳಿದುಹೋಗುತ್ತದೆ. ಬಳೆಯಂತೆ ತೊಟ್ಟು ಕಳಚುವುದನ್ನು ಹಚ್ಚೆಯೆಂದು ಕರೆಯುವುದಾದರೂ ಹೇಗೆ? ಸತ್ತಾಗ ಸಂಗಡ ಬರುವ ಒಡವೆ ಹಚ್ಚೆಯೊಂದೇ ಎಂದು ನಂಬಿ ಕೊರವಂಜಿಯ ಮುಂದೆ ಕೈನೀಡಿ, ಹಲ್ಲು ಕಚ್ಚಿ ನೋವು ತಾಳಿದ ನಮ್ಮ ಕಡೆಯ ಅಜ್ಜಿಯರು ಇದನ್ನು ಕೇಳಿದ್ದರೆ ನಗುತ್ತಿದ್ದರು. ನೋವಿಲ್ಲ, ಚುಚ್ಚುವವರ ಕೈಯಿಲ್ಲ, ಹಿಂದಿರುಗಲಾರದ ಹೆಜ್ಜೆಯೆಂಬುದೂ ಇಲ್ಲ. ಒಬ್ಬನು ಏಕಕಾಲದಲ್ಲಿ ಮೂರು ಮಾಯಾವಸ್ತುಗಳಿಗಿಂತ ಹೆಚ್ಚಿನವುಗಳೊಡನೆ ಹೊಂದಿಕೊಳ್ಳಲಾರನೆಂಬ ಸಾಮಾನ್ಯ ನಿಯಮವೊಂದೇ ಉಳಿದ ಕಟ್ಟು. ಅದು ಉಂಗುರಕ್ಕೂ ಉಂಟು, ಕತ್ತಿಗೂ ಉಂಟು.

ಹಚ್ಚೆಯನ್ನು ನಿಜವಾಗಿಯೇ ಮಂತ್ರವೆಂದು ನಂಬುವ ಜನರಲ್ಲಿ ಬೆಲೆ ಹೇಗಿದೆಯೆಂಬುದನ್ನು ನೋಡಿದರೆ ಈ ಕೊರತೆಯು ಸ್ಪಷ್ಟವಾಗುತ್ತದೆ. ಥಾಯ್ಲೆಂಡಿನ ‘ಸಕ್ ಯಂತ್’ ಪ್ರಸಿದ್ಧವಾದುದು. ‘ಸಕ್’ ಎಂದರೆ ಚುಚ್ಚುವುದು. ‘ಯಂತ್’ ಎಂಬುದು ನಮ್ಮ ‘ಯಂತ್ರ’ವೇ. ಭಿಕ್ಷುಗಳಾಗಲಿ ಆಚಾರ್ಯರೆನಿಸಿದ ಗೃಹಸ್ಥರಾಗಲಿ ಉದ್ದನೆಯ ಲೋಹದ ಸಲಾಕೆಯಿಂದ ಬೆನ್ನಿನ ಮೇಲೆ ಪಾಲಿ ಮಂತ್ರಗಳನ್ನು ಖ್ಮೇರ್ ಲಿಪಿಯಲ್ಲಿ ಚುಚ್ಚಿ, ಕೊನೆಗೆ ಮಂತ್ರೋಚ್ಚಾರಣೆ ಮಾಡಿ ಉಸಿರನ್ನು ಊದುತ್ತಾರೆ. ಆ ಲಿಪಿಯ ಮೂಲವು ದಕ್ಷಿಣ ಭಾರತದ ಪಲ್ಲವರ ಲಿಪಿ ಎಂಬುದು ಇಲ್ಲಿ ನೆನೆಯತಕ್ಕ ಮಾತು. ಹಚ್ಚೆ ಹಾಕಿಸಿಕೊಂಡವನು ಕಳವು, ವ್ಯಭಿಚಾರ ಮೊದಲಾದವನ್ನು ತೊರೆಯಬೇಕು, ತಂದೆತಾಯಿಗಳನ್ನು ನಿಂದಿಸಕೂಡದು. ನಿಯಮ ತಪ್ಪಿದರೆ ಶಕ್ತಿ ಕುಂದುತ್ತದೆಂದು ನಂಬಿಕೆ. ನಖೋನ್ ಪಥೋಮ್ ಪ್ರಾಂತದ ವಾಟ್ ಬಾಂಗ್ ಫ್ರಾ ವಿಹಾರದಲ್ಲಿ ಮಾರ್ಚ್ ತಿಂಗಳ ಗುರುವಂದನೆಗೆ ಬಂದು ಸೇರುವ ಭಕ್ತರಲ್ಲಿ ಹುಲಿಯ ಹಚ್ಚೆ ಹೊತ್ತವರು ಆವೇಶಬಂದು ಹುಲಿಯಂತೆಯೇ ಗರ್ಜಿಸಿ ಮುನ್ನುಗ್ಗುವುದುಂಟು. ಗೆರೆಯು ಮೈಮೇಲೆ ಉಳಿದು ಮಂತ್ರ ಮಾತ್ರ ಸತ್ತುಹೋಗಬಹುದೆಂಬ ಈ ಭಾವನೆಯೊಂದನ್ನು ನಿಯಮಕಾರರು ಎತ್ತಿಕೊಂಡಿದ್ದರೆ ಎಷ್ಟು ಕಥೆಗಳು ಹುಟ್ಟುತ್ತಿದ್ದವು! ಸಮೋವಾ ದ್ವೀಪದಲ್ಲಿಯಾದರೋ ಸೊಂಟದಿಂದ ಮೊಣಕಾಲವರೆಗಿನ ‘ಪೆಅ’ ಎಂಬ ಹಚ್ಚೆಯನ್ನು ನೋವು ತಾಳಲಾರದೆ ನಡುವೆ ಬಿಟ್ಟೆದ್ದವನಿಗೆ ಆ ಅರೆಹಚ್ಚೆಯೇ ಜನ್ಮವಿಡೀ ಅಪಮಾನದ ಗುರುತು.

ಆಟಗಳೆಲ್ಲವೂ ಈ ವಿಷಯದಲ್ಲಿ ಬರಿಗೈಯವೆಂದಲ್ಲ. ‘ಫರ್ಗಾಟನ್ ರೆಲ್ಮ್ಸ್’ ಎಂಬ ಕಲ್ಪಿತ ಲೋಕದ ಥೇ ದೇಶದಲ್ಲಿ ಬೋಳುತಲೆಯ ಮೇಲೆ ಹಚ್ಚೆ ಹೊತ್ತ ಕೆಂಪು ಮಾಂತ್ರಿಕರಿದ್ದಾರೆ. 2001ರ ನಿಯಮಗಳ ಪ್ರಕಾರ ಅವರ ಹಚ್ಚೆಯು ತಾವು ವರಿಸಿದ ಒಂದು ಮಂತ್ರಶಾಖೆಗೆ ಬಲ ಕೊಡುತ್ತದೆ. ಆದರೆ ಆ ಪ್ರಾವೀಣ್ಯಕ್ಕಾಗಿ ಬೇರೆ ಕೆಲವು ಶಾಖೆಗಳನ್ನು ಅವರು ತೊರೆಯಬೇಕು. ಇಲ್ಲಿ ತ್ಯಾಗದ ವಾಸನೆಯಾದರೂ ಇದೆ.

ಇವೆಲ್ಲಕ್ಕಿಂತ ಮೇಲಾದದ್ದು 1999ರಲ್ಲಿ ಬ್ಲ್ಯಾಕ್ ಐಲ್ ಸಂಸ್ಥೆಯವರು ಕಂಪ್ಯೂಟರಿಗಾಗಿ ರಚಿಸಿದ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’. ಅದರ ನಾಯಕನಿಗೆ ಹೆಸರಿಲ್ಲ, ಸಾವಿಲ್ಲ; ಸತ್ತೆದ್ದಾಗ ಹಿಂದಿನದು ಮರೆತುಹೋಗುತ್ತದೆ. ಸಿಗಿಲ್ ನಗರದ ಶವಾಗಾರದಲ್ಲಿ ಅವನು ಕಣ್ತೆರೆದಾಗ ಬೆನ್ನಿನ ಮೇಲೆ ತನಗೇ ತಾನು ಹಿಂದೊಮ್ಮೆ ಬರೆಯಿಸಿಟ್ಟ ಹಚ್ಚೆಯ ಲೇಖವಿದೆ. ತನ್ನ ಬೆನ್ನನ್ನು ತಾನೇ ಓದಲಾರನಷ್ಟೆ. ಮೋರ್ಟ್ ಎಂಬ ಮಾತನಾಡುವ ತಲೆಬುರುಡೆ ಅದನ್ನು ಓದಿ ಹೇಳುತ್ತದೆ. ಆ ಬುರುಡೆಯನ್ನು ನಂಬಬೇಡವೆಂಬ ಎಚ್ಚರಿಕೆಯೂ ಅದರಲ್ಲಿತ್ತೆಂಬುದನ್ನು ಮಾತ್ರ ಬಾಯಿಬಿಡುವುದಿಲ್ಲ. ಮಂತ್ರವನ್ನು ಮನಸ್ಸು ಮರೆತರೂ ಚರ್ಮ ಮರೆಯದೆಂಬ ಭಾವನೆಗೆ ಇದಕ್ಕಿಂತ ಹರಿತವಾದ ಕಥಾರೂಪ ಇಂಥ ಆಟಗಳಲ್ಲಿ ವಿರಳ. ಇದಲ್ಲದೆ ಅವನ ತೋಳಿನ ಮೇಲೆ ಯಾತನೆಯ ಚಿಹ್ನೆಯೊಂದಿದ್ದು, ದುಃಖಿಗಳನ್ನೆಲ್ಲ ಅವನೆಡೆಗೆ ಸೆಳೆಯುತ್ತದೆ. ಸಂಗಡಿಗರು ಅವನನ್ನು ಕೂಡಿಕೊಳ್ಳುವುದು ಸ್ನೇಹದಿಂದಲೋ ಹಚ್ಚೆಯಿಂದಲೋ ಎಂಬ ಸಂಶಯವು ಕಡೆಯತನಕ ನೀಗುವುದಿಲ್ಲ.

ಈ ಆಟದಲ್ಲಿಯೂ ಒಂದು ದೋಷವಿಲ್ಲದಿಲ್ಲ. ಚಿತ್ರಗಳಿಂದಲೇ ಮಾತನಾಡುವ ಫೆಲ್ ಎಂಬವನ ಅಂಗಡಿಯಲ್ಲಿ ನಾಯಕನು ಹಣ ತೆತ್ತು ಹಚ್ಚೆಗಳನ್ನು ಕೊಳ್ಳುತ್ತಾನೆ. ಬೇಕಾದಾಗ ಒಂದನ್ನು ತೆಗೆದು ಇನ್ನೊಂದನ್ನು ಇಡುತ್ತಾನೆ. ಇಲ್ಲಿ ಹಚ್ಚೆ ಮತ್ತೆ ಬಳೆಯೇ ಆಯಿತು. ಆದರೆ ಕೆಲವು ಹಚ್ಚೆಗಳು ನಾಯಕನು ಗೊತ್ತಾದ ಕಾರ್ಯಗಳನ್ನು ಮಾಡಿದ ಮೇಲೆ ಮಾತ್ರ ಅಂಗಡಿಗೆ ಬರುತ್ತವೆ; ನಡೆದುದಕ್ಕೆ ಸಾಕ್ಷಿಯೆಂಬಂತೆ ಅವುಗಳನ್ನು ಫೆಲ್ ಬರೆದಿರುತ್ತಾನೆ. ಬೆನ್ನಿನ ಮೇಲಿನ ಲೇಖವನ್ನು ತೆಗೆದಿಡುವ ಉಪಾಯವನ್ನು ಮಾತ್ರ ಗ್ರಂಥಕರ್ತರು ಅವನಿಗೆ ಕೊಟ್ಟಿಲ್ಲ.